ನಸೀರನ ಕಿವಿ

ನಸೀರ್, ನಿನ್ನ ಕಿವಿ ಕೆಟ್ಟಿರಲಿಲ್ಲ. ಲಂಡನ್ನಿನ ಆ ಸಭಾಂಗಣದಲ್ಲಿ ಗಾಯಕನ ಮೈಕು ಕಿರುಚಿದ್ದು ನಿನ್ನ ತಪ್ಪಿನಿಂದಲ್ಲ. ಅದಕ್ಕೆ ಸಂಬಂಧಪಟ್ಟ ಮೂರು ನಾಬ್‌ಗಳನ್ನು ನಾನು ಬೇಕೆಂದೇ ತಪ್ಪಾಗಿ ತಿರುಗಿಸಿಟ್ಟಿದ್ದೆ. ಆಮೇಲೆ, ಯಾರಿಗೂ ತಿಳಿಯುವ ಮೊದಲೇ, ಸರಿಯಾದ ಜಾಗಕ್ಕೆ ಮರಳಿಸಿದೆ. ಆಮೇಲೆ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಒಂದು ವಾಕ್ಯವನ್ನು ಮೂರು ಸಲ ತಿದ್ದದೆ ಕಾಗದಕ್ಕೆ ಇಳಿಸುವವನಲ್ಲ ನಾನು, ನಿನಗೆ ಗೊತ್ತು. ಈ ವಾಕ್ಯಗಳನ್ನು ತಿದ್ದಲಿಲ್ಲ. ಇಪ್ಪತ್ತೈದು ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿಯೇ ಇಷ್ಟು ತಡವಾಯಿತು — ಪ್ರತಿ ಸಲವೂ ತಿದ್ದುಪಡಿ ನನ್ನ ಪರವಾಗಿಯೇ ಆಗುತ್ತಿತ್ತು.

ನಾವಿಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ವಾರ. ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಮೂರು ವರ್ಷ ವ್ಯಾಕರಣ ಕಲಿಸಿ, ಅಕ್ಕನ ಮನೆಯ ಆಸರೆ ನಂಬಿ ಲಂಡನ್ನಿಗೆ ಬಂದವನು. ನನ್ನ ಪ್ರಮಾಣಪತ್ರವನ್ನು ಅಲ್ಲಿ ಯಾರೂ ಓದಲೇ ಇಲ್ಲ. ನೀನು ಶಿವಾಜಿನಗರದ ರೇಡಿಯೊ ರಿಪೇರಿ ಅಂಗಡಿಯಿಂದ ಬಂದವನು, ಎಸ್ಸೆಸ್ಸೆಲ್ಸಿ ಫೇಲು. ರಾಕ್ ವಾದ್ಯತಂಡಗಳಿಗೆ ಸ್ಪೀಕರು, ಮೈಕು, ಧ್ವನಿ ಹದಗೊಳಿಸುವ ಮಿಕ್ಸರು ಬಾಡಿಗೆಗೆ ಕೊಡುವ ಆ ಕಂಪನಿಯ ಷೆಡ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಪೆಟ್ಟಿಗೆ ಹೊರುತ್ತ, ವೈರು ಸುತ್ತುತ್ತ ನೀನು ಮಾತಾಡುತ್ತಿದ್ದೆ. ನಾನು ನಿನ್ನ ಕನ್ನಡ ತಿದ್ದುತ್ತಿದ್ದೆ. ನೀನು ಬೇಸರಿಸಿಕೊಳ್ಳುತ್ತಿರಲಿಲ್ಲ. "ಅರೆ ಮೇಷ್ಟ್ರೇ, ತಪ್ಪು ಮಾತಾಡಿದ್ರೂ ಟೀ ಬಂತಲ್ಲ, ಕುಡೀರಿ" ಎಂದು ನಗುತ್ತಿದ್ದೆ.

ಆ ಸಂಗೀತ ನನಗೆ ಹಿಡಿಸಲಿಲ್ಲ. ಅದರ ಕ್ರಮ ಹಿಡಿಸಿತು. ಮಧ್ಯಾಹ್ನ ತಂಡದವರು ಬಂದು ಒಂದೆರಡು ಹಾಡು ನುಡಿಸಿ ನೋಡುವರು. ನಮ್ಮ ಯಜಮಾನ ಮಿಕ್ಸರಿನ ಮುಂದೆ ಕುಳಿತು ಒಂದೊಂದು ನಾಬನ್ನೂ ಹೊಂದಿಸುವನು. ಅದು ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಗಡಿಯಾರದ ಮುಳ್ಳಿನಂತೆ ಭಾವಿಸಿ — ಇದು ಹನ್ನೊಂದು ಗಂಟೆ, ಇದು ಎರಡೂವರೆ — ಗೆರೆ ಹಾಕಿದ ಪುಸ್ತಕದಲ್ಲಿ ನಾನು ಬರೆದುಕೊಳ್ಳಬೇಕು. ಸಂಜೆ ಮೊದಲು ಬೇರೊಂದು ಸಣ್ಣ ತಂಡ ಅದೇ ಮಿಕ್ಸರಿನಲ್ಲಿ ಹಾಡಿ, ಎಲ್ಲವನ್ನೂ ಅಸ್ತವ್ಯಸ್ತ ಮಾಡಿ ಇಳಿಯುವುದು. ನಂತರ ಸಿಗುವ ಕಾಲು ಗಂಟೆಯಲ್ಲಿ, ಕತ್ತಲಲ್ಲಿ, ಪುಸ್ತಕ ನೋಡಿ ನೂರಕ್ಕೂ ಹೆಚ್ಚು ನಾಬ್‌ಗಳನ್ನು ನಾನು ಮೊದಲಿನ ಸ್ಥಿತಿಗೆ ತರಬೇಕು. ನಾನು ಒಮ್ಮೆಯೂ ತಪ್ಪಲಿಲ್ಲ. ಒಮ್ಮೆಯೂ.

ಆದರೆ ತಪ್ಪದಿರುವವನ ಕಡೆಗೆ ಯಾರು ತಿರುಗಿ ನೋಡುತ್ತಾರೆ? ನೀನು ಸಭಾಂಗಣದ ಕೊನೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ನಿಂತವನು ಅಲ್ಲಿಂದಲೇ ಕೂಗುತ್ತಿದ್ದೆ: "ಎಡಗಡೆ ಎರಡನೇ ಸ್ಪೀಕರ್ ಅಳ್ತಾ ಇದೆ, ಮೇಷ್ಟ್ರೇ!" ನನಗೆ ಏನೂ ಕೇಳಿಸುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಕಾಗದ ಉಗುರಿನಷ್ಟು ಹರಿದಿರುತ್ತಿತ್ತು. ನಮ್ಮ ಖಾಯಂ ತಂಡದ ಗಾಯಕ ಬಂದವನೇ, ನಿನ್ನ ಹೆಸರನ್ನು ಮೊಟಕಾಗಿಸಿ, "ನಾಜ್ ಎಲ್ಲಿ?" ಎನ್ನುವನು. ನನ್ನ ಹೆಸರು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ನಿನ್ನ ಭುಜದ ಮೇಲೆ ಅವನು ಕೈಹಾಕಿದ್ದನ್ನು ಕಂಡ ದಿನ ನಾನು ಊಟ ಮಾಡಲಿಲ್ಲ. ಇದನ್ನು ಹಸಿವಿರಲಿಲ್ಲ ಎಂದು ಬರೆಯಬಹುದಿತ್ತು... ಅದಲ್ಲ. ಹೊಟ್ಟೆಕಿಚ್ಚು. ಅಷ್ಟೇ. ವ್ಯಾಕರಣ ಬಾರದ, ಪಟ್ಟಿ ಮಾಡಲು ಬಾರದ, ಹೊತ್ತಿಗೆ ಸರಿಯಾಗಿ ಬಾರದ ನಿನಗೆ ಅದು ಹೇಗೆ ಸಿಕ್ಕಿತು, ಕಷ್ಟಪಡದೆ? ಇದಕ್ಕಿಂತ ಹೆಚ್ಚು ಉರಿಸಿದ್ದು ನಿನ್ನ ಹೊಗಳಿಕೆ: "ಮೇಷ್ಟ್ರು ಹೊಂದಿಸಿದ್ರೆ ನಾನು ನೋಡೋದೇ ಇಲ್ಲ, ಯಾರ್. ಕಣ್ಣು ಮುಚ್ಚಿ ಕೂರ್ತೀನಿ."

ತಂಡ ಯುರೋಪಿನ ಪ್ರವಾಸಕ್ಕೆ ಹೊರಡುವುದಿತ್ತು. ಯಜಮಾನನ ಜೊತೆಗೆ ಒಬ್ಬ ಸಹಾಯಕನಿಗೆ ಮಾತ್ರ ಜಾಗ. "ಇವತ್ತು ಮೊದಲ ನಾಲ್ಕು ಹಾಡು ನಾಜ್ ನಡೆಸಲಿ, ಚೆನ್ನಾಗಿ ನಡೆದರೆ ಅವನೇ ಬರುತ್ತಾನೆ" ಎಂದ ಯಜಮಾನ, ನನ್ನ ಎದುರಿಗೇ, ನಾನೊಂದು ಕುರ್ಚಿಯೋ ಎಂಬಂತೆ.

ಆ ಕಾಲು ಗಂಟೆಯಲ್ಲಿ ನಾನು ಎಂದಿನ ಕ್ರಮ ತಪ್ಪಲಿಲ್ಲ. ಇದನ್ನು ಹೇಳಲೇಬೇಕು. ಉಳಿದೆಲ್ಲ ನಾಬ್‌ಗಳನ್ನು ಪುಸ್ತಕದಂತೆಯೇ ಇಟ್ಟು, ಗಾಯಕನ ಮೈಕಿನ ಸಾಲಿನ ಮೂರನ್ನು ಮಾತ್ರ ಪೂರ್ತಿ ಬಲಕ್ಕೆ ತಿರುಗಿಸಿದೆ. ನೀನು ಬಂದು ಕುಳಿತೆ. ಪರೀಕ್ಷಿಸಲಿಲ್ಲ. ಮಧ್ಯಾಹ್ನದ ಗುರುತಿನವರೆಗೆ ಗಾಯಕನ ಧ್ವನಿಯನ್ನು ಏರಿಸಿದೆ. ಆ ಕಿರುಚಾಟ! ಸಾವಿರಾರು ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ನೀನು ತಕ್ಷಣ ಇಳಿಸಿದೆ. ಆದರೆ ಗಾಯಕ ಆಗಲೇ ಮೈಕು ಎಸೆದು ಒಳಗೆ ಹೋಗಿದ್ದ. ನೀನು ಎದ್ದು ವೇದಿಕೆಯ ಕಡೆಗೆ ಓಡಿದೆ. ನಾನು ಮೂರು ನಾಬ್‌ಗಳನ್ನೂ ಹಿಂದಕ್ಕೆ ತಿರುಗಿಸಿದೆ — ಹನ್ನೊಂದು, ಹನ್ನೆರಡೂವರೆ, ಒಂಬತ್ತು.

ಯಜಮಾನ ಟಾರ್ಚು ಹಿಡಿದು ಬಂದ. ಪುಸ್ತಕ ತೆಗೆದುಕೊಂಡು ಒಂದೊಂದನ್ನೇ ಹೋಲಿಸಿದ. ಎಲ್ಲವೂ ಸರಿಯಾಗಿತ್ತು. ಅವನು ಬೈಯಲಿಲ್ಲ. ಈ ಕಸುಬಿನಲ್ಲಿ ಹೀಗಾಗುತ್ತದೆ, ದೊಡ್ಡ ಸದ್ದು ಮೊದಲು ತಿನ್ನುವುದೇ ಕಿವಿ ಹಿಡಿಯುವ ಮೇಲಿನ ಸ್ವರಗಳನ್ನು, ಏರಿಸುತ್ತ ಹೋದರೂ ಇವನಿಗೆ ಕೇಳಿಸಿಲ್ಲ ಎಂದ. ನೀನು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದೆ.

"ಮೇಷ್ಟ್ರೇ, ನಿಜ ಹೇಳಿ. ನಾಬ್ ಎಲ್ಲ ಸರಿ ಇತ್ತಾ?"

"ಸರಿಯಾಗೇ ಇತ್ತು ನಸೀರ್. ನಿನಗೆ ಕೇಳಿಸಲಿಲ್ಲ, ಅಷ್ಟೇ."

ಆ ವಾರ ನೀನು ವೈದ್ಯರ ಬಳಿಗೆ ಹೋದೆ. ಕಿವಿಯಲ್ಲಿ ದೋಷವಿಲ್ಲ ಎಂದು ಅವರು ಬರೆದುಕೊಟ್ಟರು. ಆ ಚೀಟಿ ತೋರಿಸಿ ನೀನು, "ಡಾಕ್ಟರ್‌ಗೇನು ಗೊತ್ತು? ಮೇಷ್ಟ್ರು ತಪ್ಪು ಹೇಳ್ತಾರಾ?" ಎಂದೆ. ಆಗಲಾದರೂ... ಬಾಯಿ ತೆರೆಯಲು ಆ ಕ್ಷಣ ಸಾಕಾಗಿತ್ತು. ನಾನು ಚೀಟಿ ಹಿಂತಿರುಗಿಸಿದೆ. ನಿನ್ನ ಜಾಗದಲ್ಲಿ ಪ್ರವಾಸಕ್ಕೆ ಹೊರಟೆ. ಆಮ್‌ಸ್ಟರ್‌ಡಾಮನ್ನು ಮೊದಲು ಕಂಡದ್ದು ನಿನ್ನ ಟಿಕೆಟ್ಟಿನಲ್ಲಿ. ಕ್ರಮೇಣ ಇಲ್ಲೇ ನೆಲೆನಿಂತೆ. ವಿಮಾನದ ಬಿಡಿಭಾಗಗಳ ಕೈಪಿಡಿಗಳಲ್ಲಿ ತಪ್ಪು ಹುಡುಕುವುದು ಈಗ ನನ್ನ ವೃತ್ತಿ.

ನೀನೂ ಈ ದೇಶದಲ್ಲೇ ಇದ್ದೀಯೆ ಎಂದು ತಿಳಿದದ್ದು ಕಳೆದ ನವೆಂಬರಿನಲ್ಲಿ, ನಮ್ಮೂರು ಬಾಡ್‌ಹೂವೆಡಾರ್ಪ್‌ನಲ್ಲಿ ನಡೆದ ರಾಜ್ಯೋತ್ಸವದ ದಿನ. ಬೆಂಗಳೂರಿನಿಂದ ಹೊಸದಾಗಿ ಬಂದ ಕಂಪ್ಯೂಟರ್ ಹುಡುಗರು ಏರ್ಪಡಿಸಿದ್ದ ಸಭೆ. ಮೈಕು ಗೊರಗೊರ ಎನ್ನುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಬಂದು, ವೈರನ್ನು ಮುಟ್ಟಿಯೂ ನೋಡದೆ, "ಇದು ಮೈಕ್ ಅಲ್ಲ, ಆ ಟ್ಯೂಬ್‌ಲೈಟ್ ಆಫ್ ಮಾಡಿ" ಎಂದಳು. ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ಅವಳ ಹಿಂದೆಯೇ ನೀನು — ಕೂದಲು ನೆರೆತು, ಕೈ ಚಾಚಿಕೊಂಡು: "ಅರೆ! ಮೇಷ್ಟ್ರೇ! ಇನ್ನೂ ಬದುಕಿದ್ದೀರಾ?"

ಮುಂದಿನ ಭಾನುವಾರ ಹಾರ್ಲೆಮ್‌ನ ನಿನ್ನ ಮನೆಗೆ ಬಂದೆ. ಹದಿನೈದು ವರ್ಷದಿಂದ ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಸಾಗಿಸುವ ಬೆಲ್ಟುಗಳ ಬಳಿ ನಿನಗೆ ಕೆಲಸ. "ಕಿವಿ ಬೇಡದ ಕೆಲಸ, ಆರಾಮ್" ಎಂದೆ ನೀನು. ಮನೆಯಲ್ಲಿ ಒಂದು ರೇಡಿಯೊ ಕೂಡ ಇರಲಿಲ್ಲ. ಆ ಹುಡುಗಿ, ನಿನ್ನ ಮಗಳು ಆಯೇಷಾ, ಧ್ವನಿಮುದ್ರಣದ ಶಾಲೆ ಸೇರಬೇಕೆಂದು ಹಠ ಹಿಡಿದಿದ್ದಳು. ಅವಳಿಗಿನ್ನೂ ಹದಿನೇಳು, ಅರ್ಜಿಗೆ ನಿನ್ನ ಸಹಿ ಬೇಕು.

"ಅಂಕಲ್, ನೀವಾದ್ರೂ ಅಬ್ಬಾಗೆ ಹೇಳಿ. ಪ್ಲೀಸ್."

"ಏನು ಹೇಳ್ತಾರೆ? ಇವರೇ ಸಾಕ್ಷಿ ಕಣೇ. ಇಪ್ಪತ್ನಾಲ್ಕಕ್ಕೆ ನನ್ನ ಕಿವಿ ಕೈಕೊಡ್ತು. ನಮ್ಮ ರಕ್ತದಲ್ಲೇ ಇದೆ ಅದು. ನಿಂಗೂ ಕೊಡುತ್ತೆ. ಆಮೇಲೆ? ಬೆಲ್ಟ್ ಹತ್ರ ಬರ್ತೀಯಾ?"

ಇಬ್ಬರೂ ನನ್ನನ್ನೇ ನೋಡಿದಿರಿ. ಆ ಹೊತ್ತಿನಲ್ಲಿ ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ ನಸೀರ್. ಅಷ್ಟು ಒಳ್ಳೆಯವನಾಗಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಎಲ್ಲ ಕಳೆದುಕೊಂಡರೂ ಇವನಿಗೆ ಇಂಥ ಮಗಳಿದ್ದಾಳಲ್ಲ ಎಂದು ಉರಿದೆ. ನನ್ನ ಮಗ ನಾನು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಡಚ್ಚಿನಲ್ಲಿ ಉತ್ತರಿಸಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ; ಇವಳು ತಂದೆಯ ಎದುರು ಕುಳಿತು ಕನ್ನಡದಲ್ಲಿ ಜಗಳವಾಡುತ್ತಿದ್ದಾಳೆ, ಅವನ ಕಿವಿಯನ್ನೇ ಹೊತ್ತು ಹುಟ್ಟಿದ್ದಾಳೆ. ನಾನು ಹೇಳಿದೆ:

"ಅಬ್ಬಾನ ಮಾತು ಕೇಳಮ್ಮ. ಆವತ್ತು ನಾನು ಪಕ್ಕದಲ್ಲೇ ಇದ್ದೆ."

ಆಯೇಷಾ ಅರ್ಜಿಯನ್ನು ಮಡಚಿಕೊಂಡು ಒಳಗೆ ಹೋದಳು. ನೀನು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದೆ. ನಾನು ಕುಡಿದೆ.

ಒಂದೇ ಸುಳ್ಳನ್ನು ಒಬ್ಬ ಮನುಷ್ಯನ ಮೇಲೆ ಹೇಳಿ, ಇಪ್ಪತ್ತೈದು ವರ್ಷದ ಮೇಲೆ ಅದನ್ನೇ ಅವನ ಮಗಳ ಮೇಲೂ ಹೇಳಿದೆ. ಮೊದಲನೆಯದನ್ನು ವಯಸ್ಸಿನ ಮೇಲೆ ಹಾಕಬಹುದಿತ್ತೇನೋ. ಎರಡನೆಯದನ್ನು ಹೇಳುವಾಗ ನನಗೆ ಐವತ್ತು.

ಅರ್ಜಿ ಸಲ್ಲಿಸಲು ಇನ್ನು ಒಂಬತ್ತು ದಿನವಿದೆ. ಆ ಶಾಲೆಗೆ ಫೋನು ಮಾಡಿ ವಿಚಾರಿಸಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಯಲ್ಲಿ ಬಂದರೆ ನೀನೊಬ್ಬನೇ ಓದಿ, ನನ್ನ ಮಾನ ಉಳಿಸಲು ಹರಿದು ಹಾಕಿಬಿಡುವೆ — ನೀನು ಅಂಥವನೇ. ಶನಿವಾರ, ಆಯೇಷಾ ಮನೆಯಲ್ಲಿರುವ ಹೊತ್ತಿಗೆ ಬಂದು, ಅವಳ ಎದುರಿಗೇ ಓದುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುವೆ ಎಂಬ ಭಯ ನನಗಿದೆ. ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ಆದರೆ ಬೇಡವೆನ್ನುವುದಾದರೆ, ನಸೀರ್, ಬೇರೆ ಕಾರಣ ಹುಡುಕು. ನನ್ನನ್ನು ನಂಬಿ ಬೇಡವೆನ್ನಬೇಡ.