ಗಾಜಿನ ಮೇಲಿನ ಏಡಿ

ಸಾಸ್ತಾನದ ಪ್ರೇಮಾನಂದನ ಎಸ್‌ಟಿಡಿ ಬೂತಿನಲ್ಲಿ ಡೈರೆಕ್ಟರಿ ಇರಲಿಲ್ಲ. ಇದ್ದದ್ದು ಪ್ರೇಮಾನಂದ. ಹೆದ್ದಾರಿಯ ಅಂಚಿನಲ್ಲಿ, ಬಚ್ಚನ ಚಾ ಹೋಟೆಲಿಗೆ ಒರಗಿಕೊಂಡಂತೆ ಆರಡಿಗೆ ನಾಲ್ಕಡಿಯ ಮರದ ಪೆಟ್ಟಿಗೆ, ಮೂರು ಕಡೆ ಗಾಜು. ಒಳಗೆ, ಪೋಲಿಯೋ ಆದ ಎಡಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತ ನಲವತ್ತರ ಮನುಷ್ಯ. ೧೯೯೭ರಲ್ಲಿ ಅಂಗವಿಕಲರ ಕೋಟಾದಲ್ಲಿ ಸಿಕ್ಕಿದ ಬೂತು. "ಕಾಲ್ ಕೊಡದ ದೇವ್ರು ಕಾಲ್ ಮಾಡುಕೆ ಕೊಟ್ಟ" ಎಂದು ಅವನೇ ಬಂದವರಿಗೆಲ್ಲ ಹೇಳಿ, ಅವರು ನಗುವ ಮೊದಲು ತಾನೇ ನಗುತ್ತಿದ್ದ.

"ಹ್ವಾಯ್, ನಮ್ಮ ಗಣಪಂಗ್ ಒಂದ್ ಮಾಡಿನಿ" ಎಂದರೆ ಸಾಕು. ಯಾವ ಗಣಪ ಎಂದು ಅವನು ಕೇಳುತ್ತಿರಲಿಲ್ಲ. ಘಾಟ್ಕೋಪರಿನ ಕ್ಯಾಂಟೀನ್ ಗಣಪನೋ ಪುಣೆಯ ಬೇಕರಿ ಗಣಪನೋ ಎಂಬುದು ಕೇಳಿದವರ ಮುಖದ ಮೇಲೇ ಇರುತ್ತಿತ್ತು. ಪ್ರೇಮಾನಂದನ ಕಣ್ಣು ಪೆಟ್ಟಿಗೆಯೊಳಗೆ ಒಂದು ಸುತ್ತು ಓಡಿ ಎಲ್ಲೋ ನಿಲ್ಲುತ್ತಿತ್ತು. ಬೆರಳು ತನ್ನ ಪಾಡಿಗೆ ತಾನು ಒತ್ತುತ್ತಿತ್ತು. ಟೆಲಿಫೋನ್ ಇಲಾಖೆಯವರು ಎಲ್ಲ ನಂಬರುಗಳ ಮುಂದೆ ಒಂದು 'ಎರಡು' ಅಂಟಿಸಿದಾಗ ಊರಿಗೆ ಊರೇ ತಲೆ ಕೆರೆದುಕೊಂಡಿತು. ಇವನು ಒಂದು ಬೆಳಿಗ್ಗೆ ಕೂತು ಆರುನೂರು ನಂಬರಿಗೂ ಮನಸ್ಸಿನಲ್ಲೇ ಎರಡು ಹಚ್ಚಿ, ಹನ್ನೊಂದು ಗಂಟೆಗೆ ಬಚ್ಚನಲ್ಲಿ ಚಾ ಕುಡಿದ.

ಈ ವಿದ್ಯೆಯ ಗುಟ್ಟು ಮೊದಲು ತಿಳಿದದ್ದು ಬಚ್ಚನಿಗೆ. "ನೀನ್ ನಂಬರ್ ಹುಡ್ಕೂದ್ ಹಲ್ಲಿ ನೊಣ ಹುಡ್ಕಿದ ಹಾಂಗ್ ಮಾರಾಯ" ಎಂದಿದ್ದ. ಎರಡನೆಯದಾಗಿ ತಿಳಿದದ್ದು ಹೆಂಡತಿ ಗುಣವತಿಗೆ, ಅದೂ ಪೊರಕೆಯ ಮೂಲಕ. ಒಂದು ದೀಪಾವಳಿಗೆ ಅವಳು ಬೂತು ಗುಡಿಸಿ ಮೂಲೆಯ ಜೇಡರ ಬಲೆ ತೆಗೆದಳು. ಮರುದಿನ ಮೂರು ಬೊಂಬಾಯಿ ನಂಬರುಗಳು ಕಾಣೆ. ಜೇಡ ನಾಲ್ಕು ದಿನದಲ್ಲಿ ಮತ್ತೆ ಬಲೆ ಕಟ್ಟಿತು. ಮೂರೂ ನಂಬರು ಏನೂ ಆಗದವರಂತೆ ವಾಪಸು ಬಂದವು. ಊರಿಡೀ ನಕ್ಕಿತು. ಆ ನಂಬರುಗಳು ಪ್ರೇಮಾನಂದನ ತಲೆಯಲ್ಲಿಲ್ಲ, ಬೂತಿನ ಮೊಳೆ, ಬಿರುಕು, ಕಲೆಗಳಿಗೆ ನೇತುಬಿದ್ದಿವೆ ಎಂದು ಹೆದರಬೇಕಾದವನು ಅವನೊಬ್ಬ. ಅವನೂ ನಕ್ಕ.

೨೦೦೪ರಲ್ಲಿ ಮಗಳು ವಿನಯಾ ಬೋರ್‌ವೆಲ್ ಲಾರಿಯ ಹುಡುಗನ ಜೊತೆ ಹೋದಳು. ಸೇಲಂ ಕಡೆಯವನು. ಊರೂರಿಗೆ ಒಂದೊಂದು ತೂತು ಕೊರೆದು ಮುಂದೆ ಹೋಗುವ ಕೆಲಸ. ಸಾಸ್ತಾನದಲ್ಲಿ ಕೊರೆದ ತೂತು ಪ್ರೇಮಾನಂದನ ಮನೆಯೊಳಗೇ ಬಿತ್ತು. ಪ್ರೇಮಾನಂದನಿಗೆ ಪ್ರೇಮದಲ್ಲಿ ಆನಂದ ಕಾಣಲಿಲ್ಲ. ಎಂಟು ತಿಂಗಳ ಬಳಿಕ ಒಂದು ಮಧ್ಯಾಹ್ನ ಬೂತಿನ ಫೋನು ಬಡಿದುಕೊಂಡಿತು.

"ಅಪ್ಪಯ್ಯ, ನಾನ್. ಇದ್ ಮನೆ ಓನರಮ್ಮಂದ್ ನಂಬರ್, ಬರ್ಕಣಿ. ನಾನಿನ್ ಮಾಡೂದಿಲ್ಲೆ. ನಿಮ್ಗ್ ಮನಸ್ಸಾದಾಗ ನೀವೇ ಮಾಡಿ."

"ಹ್ಞೂಂ" ಎಂದು ಇಟ್ಟ. ಎದುರಿನ ಗಾಜಿನ ಕೆಳಮೂಲೆಯಲ್ಲಿ ಏಡಿಯ ಆಕಾರದ ಒಂದು ತುಕ್ಕಿನ ಕಲೆ ಇತ್ತು. ಕಣ್ಣು ಅಲ್ಲಿಗೆ ಹೋಯಿತು. ನಂಬರು ಏಡಿಯ ಕೊಂಬಿನಲ್ಲಿ ಕಚ್ಚಿಕೊಂಡಿತು.

"ಬರ್ಕಂಡ್ರ್ಯಾ?" ಎಂದು ಕೇಳಿದಳು ಬುತ್ತಿ ತಂದಿದ್ದ ಗುಣವತಿ.

"ಬರೂದ್ ಎಂತಕೆ? ತಲೀಲಿ ಇತ್ತ್."

"ಹಾಂಗಾರೆ ಮಾಡಿ."

"ಮಾಡುವ. ನಂಬರ್ ಎಂತ ಓಡಿ ಹೋತಾ? ಅದೆಂತ ನಿನ್ ಮಗಳಾ?"

ಪ್ರತಿದಿನ ಸಂಜೆ ಬಾಗಿಲು ಹಾಕುವ ಮೊದಲು ಅವನು ಏಡಿಯನ್ನು ನೋಡುತ್ತಿದ್ದ. ಏಳು ಅಂಕಿಗಳೂ ಜಪಸರದ ಮಣಿಗಳಂತೆ ಒಂದರ ಹಿಂದೊಂದು ಬರುತ್ತಿದ್ದವು. ಒಮ್ಮೆ ಆರು ಒತ್ತಿ ಏಳನೆಯದಕ್ಕೆ ಬೆರಳು ಎತ್ತಿ ಹಿಡಿದು ಕೂತ. ಮತ್ತೆ ಇಟ್ಟ. ಅವಳೇ ಸೋಲಲಿ. ಅವಳೂ ಅವನ ಮಗಳೇ, ಸೋಲಲಿಲ್ಲ.

ಅಷ್ಟರಲ್ಲಿ ಎಲ್ಲರ ಅಂಗಿಯ ಕಿಸೆಗೂ ಮೊಬೈಲು ಬಂತು. ಗಣಪಂದಿರ ನಂಬರುಗಳು ಅವರವರ ಮನೆಯವರ ಕೈಯೊಳಗೇ ಕೂತವು. ಬೂತಿಗೆ ಬರುವವರೆಂದರೆ ಬಸ್ಸು ಕಾಯುತ್ತ ನೆರಳು ಹುಡುಕುವವರು. ೨೦೧೨ರಲ್ಲಿ ಹೆದ್ದಾರಿ ಅಗಲ ಮಾಡಲು ಬಂದವರು ಒಂದು ಬೆಳಿಗ್ಗೆ ಬೂತನ್ನು ಯಂತ್ರದ ಕೈಯಿಂದ ಎತ್ತಿ ಮಗುಚಿದರು. ಗಾಜು ಪುಡಿಯಾಯಿತು. ಪ್ರೇಮಾನಂದ ಪರಿಹಾರದ ಅರ್ಜಿಯ ಗಡಿಬಿಡಿಯಲ್ಲಿದ್ದ, ಏಡಿಯ ನೆನಪಾಗಲಿಲ್ಲ.

ಮೂರು ವರ್ಷದ ಬಳಿಕ ಗುಣವತಿಯ ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಯವರು ಕಳಿಸಿದರು, ಇನ್ನು ಮನೆಯಲ್ಲೇ ಇರಲಿ ಎಂದರು. ಒಂದು ಬೆಳಿಗ್ಗೆ ಎರಡು ಚಮಚ ಗಂಜಿ ನುಂಗಿ ಅವಳು ಹೇಳಿದಳು: "ಹ್ವಾಯ್. ಈಗಾರೂ ಹೆಣ್ಣಿಗೆ ಒಂದ್ ಫೋನ್ ಮಾಡಿನಿ."

ಅವನು ಮೊಬೈಲು ಹಿಡಿದು ಜಗಲಿಗೆ ಬಂದ. ಸೊನ್ನೆ ನಾಲ್ಕು ಎರಡು ಏಳು, ಸೇಲಮ್ಮಿನ ಕೋಡು. ಆಮೇಲೆ ಎರಡು. ಆಮೇಲೆ ಬಿಳಿ ಗೋಡೆ. ಕಣ್ಣು ಗೋಡೆಯ ಮೇಲೆ ಓಡಿತು, ಹೆಂಚಿನ ಮಾಡಿಗೆ ಹತ್ತಿತು, ತೆಂಗಿನ ಕಟ್ಟೆಗೆ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನಂಬರುಗಳು ಬರತೊಡಗಿದವು, ಬಂದವು ಎಂದರೆ ಗುಂಪಾಗಿ, ಪ್ರತಿಯೊಂದೂ ನಾನೇ ಅದು ಎನ್ನುತ್ತ. ಹದಿನಾಲ್ಕು ಸಲ ಒತ್ತಿದ. ಹದಿನಾಲ್ಕು ಸಲವೂ ಗುರುತಿಲ್ಲದ ತಮಿಳು ಸ್ವರಗಳು. "ವಿನಯಾ?" ಎಂದರೆ ಬೈಗುಳ.

ಮಧ್ಯಾಹ್ನ ಬಚ್ಚ ಅವನನ್ನು ಕಂಡದ್ದು ಹೊಸ ಹೆದ್ದಾರಿಯ ನಡುವೆ. ಬೂತು ಇದ್ದ ಜಾಗ ಈಗ ಕುಂದಾಪುರಕ್ಕೆ ಹೋಗುವ ವಾಹನಗಳ ಹಾದಿ. ಪ್ರೇಮಾನಂದ ಅಲ್ಲಿ ಕುಂಟುಕಾಲು ಊರಿ, ಎಂದಿನಂತೆ ಪಶ್ಚಿಮಕ್ಕೆ ಮುಖ ಮಾಡಿ, ಇಲ್ಲದ ಗಾಜಿನ ಕೆಳಮೂಲೆಯನ್ನು ದಿಟ್ಟಿಸುತ್ತಿದ್ದ. ಬಸ್ಸುಗಳು ಹಾರ್ನು ಹೊಡೆದು ಬಳಸಿ ಹೋಗುತ್ತಿದ್ದವು.

"ಎರಡ್, ನಾಲ್ಕ್, ನಾಲ್ಕ್, ಒಂದ್..." ಎನ್ನುತ್ತಿದ್ದ. "ಬತ್ತಾ ಇತ್ತ್ ಬಚ್ಚ, ಮುಟ್ಬೇಡ. ಇನ್ ಮೂರೇ."

"ನಿನ್ನ ಮೂರ್ ದಿನದ್ ಕಾರ್ಯ ಆತ್ ಈಗ! ಬಾ ಈಚೆ!" ಬಚ್ಚ ರಟ್ಟೆ ಹಿಡಿದು ಎಳೆದ. ಹಿಂದೆಯೇ ಮೀನಿನ ಲಾರಿ ಹೋಯಿತು. ಉಳಿದ ಮೂರು ಅಂಕಿ ಅದರ ಸದ್ದಿನಲ್ಲಿ ಹೋದವು.

ಮನೆಗೆ ಬಂದಾಗ ಗುಣವತಿಯ ಕಣ್ಣು ಬಾಗಿಲಲ್ಲೇ ಇತ್ತು. "ಸಿಕ್ತಾ?"

"ಸಿಕ್ತ್. ಬತ್ತೆ ಅಂದಳ್."

ಹೇಳಿದ ಸುಳ್ಳು ಇಷ್ಟೇ. ಉಳಿದದ್ದನ್ನು ಗುಣವತಿ ದಿನಕ್ಕಿಷ್ಟು ಕೇಳಿ ಪಡೆದಳು. ಸ್ವರ ಹ್ಯಾಂಗಿತ್ತ್? ಶೀತ ಆದ ಹಾಂಗಿತ್ತ್. ಎಂತ ಮಾಡ್ತಿದ್ಲ್? ಅನ್ನಕ್ಕಿಟ್ಟಿದ್ಲ್, ಕುಕ್ಕರ್ ಕೂಗ್ತಿತ್ತ್. ನಂಗೆ 'ಅಬ್ಬಿ' ಅಂದ್ಲ್ ಅಲ್ದಾ, ತಾಯಿ ಅಂತ? ಹೌದ್, ಅಬ್ಬಿ ಹ್ಯಾಂಗಿತ್ ಕೇಂಡ್ಲ್. ಐದನೆಯ ದಿನ ಅವನು ಕುಕ್ಕರು ಮೂರು ಸಲ ಕೂಗಿತು ಎಂದ.

"ನಿನ್ನೆ ಎರಡ್ ಅಂದ್ರಿ."

ಪ್ರೇಮಾನಂದ ಯೋಚಿಸಿದ. ಕಣ್ಣು ಅವಳ ಮಂಚದ ಕಾಲಿನ ಗಂಟಿನ ಮೇಲೆ ನಿಂತಿತು. ಹೌದು, ಎರಡೇ. ಸ್ಪಷ್ಟವಾಗಿ ಕೇಳಿಸಿತು, ನಡುವೆ ಒಂದು ಸಣ್ಣ ಕೆಮ್ಮು.

ಹನ್ನೊಂದನೆಯ ದಿನ ಗುಣವತಿ ಹೋದಳು, ಬಾಗಿಲ ಕಡೆ ಮುಖ ಇಟ್ಟು.

ಅವಳ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಎಲೆ ಹಾಕುವಾಗ ಅವನು ಒಂದು ಎಲೆ ಹೆಚ್ಚು ಹಾಕಿಸಿದ. "ಬತ್ತೆ ಅಂದಳ್ ಬಚ್ಚ. ಬರ್ಲಿಲ್ಲೆ ಕಾಣ್. ತಾಯಿ ಸತ್ರೂ ಬರ್ಲಿಲ್ಲೆ."

"ಯಾವ್ ಫೋನ್ ಮಾರಾಯ? ನಾನೇ ಅಲ್ದಾ ನಿನ್ನ ರಸ್ತಿಂದ ಎಳ್ಕಂಡ್ ಬಂದದ್ದ್?"

"ನೀ ಬಪ್ಪುಕ್ ಮುಂಚೆ ಮಾಡ್ದೆ."

ಹೇಳಿದ ರೀತಿಗೆ ಬಚ್ಚನಿಗೆ ತನ್ನ ನೆನಪಿನ ಮೇಲೇ ಗುಮಾನಿ ಬಂತು.

ಎರಡು ವರ್ಷ ಕಳೆದು, ಬೋರ್‌ವೆಲ್ ಲಾರಿ ಕೊಕ್ಕರ್ಣೆಗೆ ಬಂದಿತ್ತು. ಅದರ ಹಿಂದೆಯೇ ವಿನಯಾ, ಎಂಟು ವರ್ಷದ ಮಗಳ ಕೈ ಹಿಡಿದು ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಸಾಸ್ತಾನದಲ್ಲಿ ಇಳಿದಳು. ಬೂತು ಹುಡುಕಿದಳು, ಬಚ್ಚ ಸಿಕ್ಕಿದ, ತಾಯಿಯ ಸುದ್ದಿ ಅವನಿಂದ ಗೊತ್ತಾಯಿತು. ಅಳುತ್ತಲೇ ಅಂಗಳಕ್ಕೆ ಬಂದಳು.

ಪ್ರೇಮಾನಂದ ಜಗಲಿಯಿಂದ ಏಳಲಿಲ್ಲ. "ಹನ್ನೊಂದ್ ದಿನ ಕಾಯ್ತ್ ನಿನ್ನ ಅಬ್ಬಿ. ಬತ್ತೆ ಅಂದ್ ಬರ್ದಿದ್ದವಳಿಗೆ ಈಗೆಂತ ಕೆಲಸ ಇಲ್ಲಿ?"

"ನಂಗ್ ಯಾರೂ ಫೋನ್ ಮಾಡ್ಲಿಲ್ಲೆ ಅಪ್ಪಯ್ಯ. ಹದಿಮೂರ್ ವರ್ಷ ಆ ನಂಬರ್ ಬಿಟ್ಟ್ ಮನೆ ಬದ್ಲಾಯ್ಸಲಿಲ್ಲೆ ನಾನ್. ನೀವ್ ಮಾಡುದಾದ್ರೆ ಅಂತ." ಅವಳು ಆ ನಂಬರು ಹೇಳಿದಳು: ಎರಡು, ನಾಲ್ಕು, ನಾಲ್ಕು, ಒಂದು, ಮತ್ತೆ ಮೂರು ಅಂಕಿ.

"ಅದಲ್ಲ. ನಾ ಮಾಡಿದ್ದ್ ಬೇರೆ. ನೀ ಕೆಮ್ಮಿದೆ. ಕುಕ್ಕರ್ ಎರಡ್ ಸಲ ಕೂಗ್ತ್. ನಂಗ್ ಗೊತ್ತಿಲ್ಯಾ?" ಎಂದು ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಸ್ವಲ್ಪ ಹೊತ್ತು ಅಳು ಕೇಳಿಸಿತು. ಮಗು ತಮಿಳಿನಲ್ಲಿ "ಪೋಗಲಾಮ್ ಅಮ್ಮ", ಹೋಗೋಣ ಎಂದದ್ದು ಕೇಳಿಸಿತು. ಆಮೇಲೆ ಗೇಟು.

ಖಾಲಿ ಮಂಚದ ಮೇಲೆ ಕೂತಾಗ ಎರಡು, ನಾಲ್ಕು, ನಾಲ್ಕು, ಒಂದು ಎಂಬುದು ಬಾಯಿಗೆ ತಾನಾಗಿ ಬಂತು. ರಸ್ತೆಯ ಬಿಸಿ ಅಂಗಾಲಿಗೆ ತಗುಲಿತು, ಬಚ್ಚ ರಟ್ಟೆ ಎಳೆದಂತಾಯಿತು. ಅದಲ್ಲ ಎಂದು ತಾನು ತಳ್ಳಿದ ನಂಬರು ಇದೇ. ಮುಂದಿನ ಮೂರು? ಈಗಷ್ಟೇ ಹೇಳಿದ್ದಳಲ್ಲ, ಅಂಗಳದಲ್ಲಿ ನಿಂತು. ಅವನ ಕಣ್ಣು ಕೋಣೆಯ ಸುತ್ತ ಓಡಿತು. ಬೊಜ್ಜಕ್ಕೆಂದು ಸುಣ್ಣ ಬಳಿದ ಗೋಡೆ; ಒಂದು ಮೊಳೆ ಇಲ್ಲ, ಒಂದು ಕಲೆ ಇಲ್ಲ. ಹೆದ್ದಾರಿಯಲ್ಲಿ ಬ್ರಹ್ಮಾವರದ ಬಸ್ಸು ಹಾರ್ನು ಹಾಕಿ ಹೊರಟಿತು.