ಕೂಸನ್ನು ನಾನು ಎತ್ತಿಕೊಳ್ಳಲಿಲ್ಲ

ಜ್ವರ ಬರುತ್ತಿದ್ದುದು ಸಂಜೆಗೆ. ಶಾಲೆಯಲ್ಲಿ ಕೊನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟುತ್ತಿತ್ತು. ಕುರುಗೋಡಿನ ಆ ಬಿಸಿಲಿನಲ್ಲಿ ನಾನೊಬ್ಬಳೇ ಸೆರಗು ಹೊದ್ದು ಮನೆಗೆ ನಡೆಯುತ್ತಿದ್ದೆ. ಕೆಮ್ಮು ಅದಕ್ಕೂ ಮೊದಲೇ ಇತ್ತು. ಇಪ್ಪತ್ತೆರಡು ವರ್ಷ ಸೀಮೆಸುಣ್ಣದ ಧೂಳು ಕುಡಿದವಳಿಗೆ ಕೆಮ್ಮು ಏನು ಹೊಸದು ಅಂದುಕೊಂಡೆ. ರವಿಕೆಗಳು ಸಡಿಲವಾದವು. ಇನ್ನೊಂದು ಹೊಲಿಗೆ ಹಾಕಿ ಬಿಗಿ ಮಾಡಿಕೊಂಡೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಉಗುಳಿದಾಗ ಎಳೆಯಷ್ಟು ರಕ್ತ ಕಂಡಿತು. ನೀರು ಹಾಕಿದೆ. ಹರಿದುಹೋಯಿತು.

ಯಾರಿಗೂ ಹೇಳಲಿಲ್ಲ.

ಕಂಡುಹಿಡಿದವಳು ಮಗಳು ಸಲೋಮಿ. ಅವಳು ಬಳ್ಳಾರಿಯ ಬ್ರೂಸ್‌ಪೇಟೆಯ ಹತ್ತಿರ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ನನ್ನ ಕರವಸ್ತ್ರ ಒಗೆಯಲು ಎತ್ತಿಕೊಂಡವಳು ಅಲ್ಲೇ ನಿಂತಳು.

"ಮಮ್ಮಿ, ಇದು ಎಷ್ಟು ದಿನದಿಂದ?"

ಮರುದಿನ ಅವಳು ರಜೆ ಹಾಕಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಫದ ಡಬ್ಬಿಯನ್ನು ತಾನೇ ಹಿಡಿದು ಲ್ಯಾಬಿಗೆ ಕೊಟ್ಟು ಬಂದಳು. ಎಕ್ಸ್‌ರೇ ಆಯಿತು. ಎರಡು ದಿನ ಬಿಟ್ಟು ಡಾಕ್ಟರು ರಿಪೋರ್ಟ್ ಓದಿ ಹೇಳಿದರು.

"ಟೀಚರ್, ಟಿಬಿ ಐತ್ರಿ. ಹೆದರಬ್ಯಾಡ್ರಿ. ಆರು ತಿಂಗಳು ಒಂದು ದಿನಾನೂ ತಪ್ಪಿಸದಂಗ ಗುಳಿಗಿ ನುಂಗಿದ್ರ ಪೂರ್ತಿ ವಾಸಿ ಆಗ್ತೈತಿ. ಮೊದಲ ಕೆಲವು ವಾರ ಮಾತ್ರ ಹುಷಾರಿರಬೇಕು. ಬ್ಯಾರೆ ರೂಮು, ಮಾಸ್ಕು, ಕಿಟಕಿ ತೆರದಿರಬೇಕು. ಸಣ್ಣ ಮಕ್ಕಳ ಹತ್ರ ಹೋಗಬ್ಯಾಡ್ರಿ."

ಸಣ್ಣ ಮಕ್ಕಳು. ನನ್ನ ಕೆಲಸವೇ ಅದು. ವಾರವಿಡೀ ಶಾಲೆ, ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲು. ಎರಡೂ ಒಂದೇ ದಿನ ನಿಂತವು.

ಬೀದಿಗೆ ಕಿಟಕಿಯಿರುವ ಮುಂದಿನ ಕೋಣೆ ನನ್ನದಾಯಿತು. ಗುಳಿಗೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳೆಸುತ್ತಿತ್ತು. ಮೂತ್ರ ಕೆಂಪಾಯಿತು, ಮೊಣಕಾಲು ಹಿಡಿದುಕೊಂಡವು. ನನ್ನ ಗಂಡ ಪ್ರಭುದಾಸ್ ಬಸ್ ಕಂಡಕ್ಟರ್. ಡ್ಯೂಟಿಗೆ ಹೋಗುವ ಮುಂಚೆ ಮೊಟ್ಟೆ ಬೇಯಿಸಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಅಕ್ಕಪಕ್ಕದವರು ಕೇಳಿದರೆ "ಶುಗರ್ ಐತಿ, ವೀಕ್ ಆಗ್ಯಾಳ" ಅನ್ನುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಮೊದಲ ಸಲ ಕೇಳಿದಾಗ ಮುಜುಗರವಾಯಿತು. ಆಮೇಲೆ ಅಭ್ಯಾಸವಾಯಿತು.

ಸಲೋಮಿಗೆ ಸಿರುಗುಪ್ಪದ ಒಂದು ಸಂಬಂಧ ಅದಾಗಲೇ ಕೂಡಿಬಂದಿತ್ತು. ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ನಮ್ಮ ಹಾಗೆಯೇ ಪ್ರಾರ್ಥನೆ ಮಾಡಿ ಊಟಕ್ಕೆ ಕೂರುವ ಮನೆ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿದ್ದರು. ತಾರೀಖು ಗೊತ್ತುಮಾಡಲು ಅವರು ಬರುವುದಿತ್ತು. ನನ್ನ ಔಷಧಿ ಶುರುವಾಗಿ ವಾರವಾಗಿತ್ತು.

ನಮ್ಮ ಸಭೆಯ ಪಾಸ್ಟರು ಬಂದು ಅಡುಗೆಮನೆಯಲ್ಲಿ ಕುಳಿತರು. ನಾನು ಕೋಣೆಯ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದೆ.

"ಅವರಿಗೆ ಹೇಳೋದು ಬ್ಯಾಡೇನ್ರಿ?" ಎಂದು ನಾನೇ ಕೇಳಿದೆ.

"ಅಕ್ಕಾ, ಸುಳ್ಳು ಹೇಳ್ರಿ ಅಂತ ನಾ ಹೇಳಂಗಿಲ್ಲ," ಅಂದರು ಪಾಸ್ಟರು. "ಸುಮ್ನಿದ್ರ ಅದು ಸುಳ್ಳಲ್ಲ. ವಾಸಿಯಾದ ಮ್ಯಾಲ ಹೇಳಿದ್ರಾತು."

"ಹೆಣ್ಣು ಕೊಡೋರು ನಾವು," ಅಂದರು ಪ್ರಭುದಾಸ್. "ಟಿಬಿ ಅಂದ್ರ ಜನ ಮನಿತನಾನ ನೋಡಂಗಿಲ್ಲ."

ಸಲೋಮಿ ನನ್ನ ಕಡೆ ತಿರುಗಿದಳು. "ಮಮ್ಮಿ, ನನಗೂ ಡ್ಯಾಡಿಗೂ ಟೆಸ್ಟ್ ಆಗೇತಿ, ಏನೂ ಇಲ್ಲ. ಆರು ತಿಂಗಳು ಅಷ್ಟ. ಆಮ್ಯಾಲ ಅವನಿಗೆ ನಾನ ಹೇಳ್ತೀನಿ. ನನ್ನ ಸಲುವಾಗಿ."

ಆಯಿತು ಅಂದೆ.

ಹೌದು, ನಾನೇ ಆಯಿತು ಅಂದೆ. ಇದನ್ನು ಬರೆಯದೆ ಬಿಟ್ಟರೆ ಮುಂದೆ ನಾನು ಮಾಡಿದ್ದು ದೊಡ್ಡದಾಗಿ ಕಾಣುತ್ತದೆ.

ಅವರು ಬಂದ ದಿನ ನಾನು ಕೋಣೆಯಲ್ಲೇ ಇರಬಹುದಿತ್ತು. ಇರಲಿಲ್ಲ. ಮಗಳ ಮದುವೆಯ ಮಾತುಕತೆಗೆ ತಾಯಿ ಹೊರಗೆ ಬಾರದಿದ್ದರೆ ಅವರು ಏನಂದಾರು ಎಂಬುದು ಒಂದು. ನನಗೇ ರೇಷ್ಮೆ ಸೀರೆ ಉಟ್ಟು ಅವರೆದುರು ಕೂರುವ ಆಸೆಯಿತ್ತು ಎಂಬುದು ಇನ್ನೊಂದು. ಧೂಳಿನ ಅಲರ್ಜಿ ಎಂದು ಮಾಸ್ಕ್ ಹಾಕಿಕೊಂಡು, ಕಿಟಕಿಯ ಪಕ್ಕ, ಎಲ್ಲರಿಂದ ದೂರ ಕುರ್ಚಿ ಹಾಕಿಕೊಂಡೆ. ಸಲೋಮಿ ಕಣ್ಣಲ್ಲೇ ಸಾಕು ಒಳಗೆ ಹೋಗು ಅನ್ನುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಹುಡುಗನ ತಾಯಿ ನಗುಮುಖದ ಹೆಂಗಸು. ಅವರ ದೊಡ್ಡ ಮಗಳೂ ಬಂದಿದ್ದಳು, ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಕಾಫಿ ಬಂತು. ತಾರೀಖಿನ ಮಾತು ಎದ್ದಿತು. ಹುಡುಗನ ತಾಯಿ ಕೂಸನ್ನು ಎತ್ತಿಕೊಂಡು ಸೀದಾ ನನ್ನ ಹತ್ತಿರ ಬಂದರು.

"ಯಾಕ್ರೀ ಅಷ್ಟು ದೂರ ಕುಂತೀರಿ? ತಗೋರಿ ನಮ್ಮ ಮೊಮ್ಮಗಳನ್ನ. ಈಗಿಂದಾನ ರೂಢಿ ಮಾಡ್ಕೋರಿ."

ನಾನು ಎದ್ದು ಹಿಂದೆ ಸರಿದೆ. ಬೆನ್ನಿಗೆ ಗೋಡೆ ತಾಗಿತು.

"ಆಕಿಗೆ ಶುಗರ್ ಐತ್ರಿ, ಕೈ ನಡಗ್ತಾವ," ಅಂದರು ಪ್ರಭುದಾಸ್.

"ಕುಂತು ಹಿಡಕೊಂಡ್ರ ಏನಾಗ್ತೈತ್ರಿ? ಕೂಸೇನು ಭಾರ ಐತಾ?" ಅವರು ನಗುತ್ತಾ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೂಸು ಕೈಚಾಚಿ ನನ್ನ ಮಾಸ್ಕಿನ ದಾರ ಹಿಡಿದು ಎಳೆಯಿತು.

"ಹತ್ರ ತರಬ್ಯಾಡ್ರಿ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನನಗ ಟಿಬಿ ಐತ್ರಿ. ಔಷಧ ಶುರು ಮಾಡಿ ಹನ್ನೊಂದು ದಿನ ಆತು."

ದೊಡ್ಡ ಮಗಳು ಓಡಿಬಂದು ಕೂಸನ್ನು ಕಸಿದುಕೊಂಡಳು. ಹುಡುಗ ಸಲೋಮಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು ಎಂದು ಅವನಿಗೆ ಅಷ್ಟರಲ್ಲೇ ತಿಳಿಯಿತು.

ಕಾಫಿ ಲೋಟಗಳು ಅರ್ಧಕ್ಕೇ ಉಳಿದವು.

ಮೂರು ದಿನದ ಮೇಲೆ ಪಾಸ್ಟರಿಗೆ ಸಿರುಗುಪ್ಪದಿಂದ ಫೋನ್ ಬಂತಂತೆ, ಸಂಬಂಧ ಬೇಡವೆಂದು. ಕಾಯಿಲೆ ದೊಡ್ಡದಲ್ಲ, ಮುಚ್ಚಿಟ್ಟರಲ್ಲ, ಅದು ಮನಸ್ಸಿಗೆ ಹತ್ತಿತು ಅಂದರಂತೆ. ನಿಜ ಯಾವುದೋ, ನೆಪ ಯಾವುದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸಲೋಮಿ ಅಳಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು.

"ಒಳಗ ಕುಂತಿದ್ರ ಆಗ್ತಿತ್ತು. ಕೂಸೂ ಉಳೀತಿತ್ತು, ನಾನೂ ಉಳೀತಿದ್ದೆ. ನಿನಗ ಹೊರಗ ಬರಬೇಕಿತ್ತು. ಆಮ್ಯಾಲ ಸತ್ಯಾನೂ ಹೇಳಬೇಕಿತ್ತು."

ಮುಂದಿನ ವಾರ ಅವಳು ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಗೆಳತಿಯ ರೂಮಿಗೆ ಹೋದಳು. ದಿನಾ ಬಸ್ಸಿನ ಓಡಾಟ ದಣಿವಾಗುತ್ತದೆ ಎಂದು ಜನರಿಗೆ ಹೇಳಿದೆವು. ಅದೂ ಒಂದು ಸುಳ್ಳೇ.

ಆಮೇಲಿನ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಅದೇ ಅವುಗಳ ಕಷ್ಟ. ಪ್ರಭುದಾಸ್ ಮೊಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದರು. ಹಗಲು ಉದ್ದವಾಗಿತ್ತು. ಕಿಟಕಿಯಲ್ಲಿ ನನ್ನ ಶಾಲೆಯ ಮಕ್ಕಳು ಹೋಗುವುದು ಕಾಣುತ್ತಿತ್ತು. ಮೊದಮೊದಲು "ಟೀಚರ್" ಎಂದು ಕೂಗುತ್ತಿದ್ದರು. ಆಮೇಲೆ ಮನೆಯಲ್ಲಿ ಯಾರೋ ಹೇಳಿರಬೇಕು, ಆಚೆ ಬದಿಯಿಂದ ಹೋಗತೊಡಗಿದರು. ಎರಡು ತಿಂಗಳಿಗೆ ಕಫದ ಪರೀಕ್ಷೆ ನೆಗೆಟಿವ್ ಬಂತು. ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಭಾನುವಾರ ಆರಾಧನೆಗೆ ಹೋದೆ. ನಾನು ಕುಳಿತ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಬರಲಿಲ್ಲ. ಹಿಂದಿನ ಸಾಲಿನವರು ಎದ್ದು ಇನ್ನೂ ಹಿಂದಕ್ಕೆ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಮಕ್ಕಳಿಗೇ ಅಲ್ಲವೇ ನಾನು ತಿಂಗಳುಗಟ್ಟಲೆ ಕೆಮ್ಮುತ್ತ ಪಾಠ ಹೇಳಿದ್ದು.

ಪ್ರತಿ ವಾರ ಬರುತ್ತಿದ್ದವಳು ಹುಲಿಗೆಮ್ಮ ಒಬ್ಬಳೇ. ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಹಣೆತುಂಬ ದೇವಿಯ ಅರಿಶಿನ ಭಂಡಾರ ಹಚ್ಚಿಕೊಂಡು ಬಂದು, ಗುಳಿಗೆಯ ಹಾಳೆಯಲ್ಲಿ ಖಾಲಿಯಾದ ಗುಂಡಿಗಳನ್ನು ಎಣಿಸಿ, ನನ್ನ ಮಂಚದ ಮೇಲೇ ಕೂರುತ್ತಿದ್ದಳು. ಒಂದು ದಿನ ಅವಳಿಗೆ ಎಲ್ಲ ಹೇಳಿಕೊಂಡೆ.

"ನಾ ಮಾಡಿದ್ದು ತಪ್ಪಾ, ಹುಲಿಗೆಮ್ಮ?"

ಅವಳು ಗುಳಿಗೆಯ ಹಾಳೆಯನ್ನು ಪಕ್ಕಕ್ಕಿಟ್ಟಳು. "ಹೇಳಿದ್ದು ತಪ್ಪಲ್ಲ ಬಿಡ್ರಿ. ಆದ್ರ ಟೀಚರ್, ಮದುವಿ ನಿಮ್ದಲ್ಲ, ಆಕಿದು. ಆಕಿ ಕೂಡ ಮೊದಲ ಗಟ್ಟಿ ಕುಂತು ಮಾತಾಡಬೇಕಿತ್ತು."

ಅವಳು ಹೋದ ಮೇಲೆ ಆ ಮಾತು ಕೋಣೆಯಲ್ಲಿ ಉಳಿಯಿತು. ಲೋಕದಂತೆ ನಡೆಯಬಾರದು ಎಂದು ನಾನು ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದೆ. ಲೋಕ ಎಂದರೆ ಸಭೆಯ ಬಾಗಿಲಾಚೆ ಇರುವ ಜನ, ಅವರ ಹಬ್ಬ, ಅವರ ಆಡಂಬರ ಎಂದೇ ನನ್ನ ತಿಳಿವಳಿಕೆ. ಆದರೆ ಜನ ಏನಂದಾರು ಎಂಬ ಹೆದರಿಕೆಗಿಂತ ದೊಡ್ಡ ಲೋಕ ಯಾವುದಿದೆ? ಅದು ನಮ್ಮ ಅಡುಗೆಮನೆಯಲ್ಲಿ ಪಾಸ್ಟರ ಪಕ್ಕದಲ್ಲೇ ಕುಳಿತಿತ್ತು. ರೇಷ್ಮೆ ಸೀರೆ ಉಟ್ಟು ನನ್ನ ಕುರ್ಚಿಯಲ್ಲೂ ಕುಳಿತಿತ್ತು. ನಾನು ಸತ್ಯ ಹೇಳಿದ್ದು ಆ ಕೂಸಿನ ಮೇಲಿನ ಪ್ರೀತಿಯಿಂದಲೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದೇ ಪ್ರೀತಿಯಿಂದ ನಾಲ್ಕು ದಿನ ಮೊದಲೇ ಮಗಳ ಕೈಹಿಡಿದು "ನನ್ನ ಕೈಲಿ ಇದು ಆಗಂಗಿಲ್ಲ" ಅನ್ನಬಹುದಿತ್ತು. ಆಗ ಧೈರ್ಯ ಬರಲಿಲ್ಲ. ಬೇರೆ ದಾರಿಯೇ ಇಲ್ಲದಾಗ ಬಂದದ್ದನ್ನು ಧೈರ್ಯ ಎನ್ನಲು ಈಗ ನಾಚಿಕೆಯಾಗುತ್ತದೆ.

ಪ್ರಾರ್ಥನೆಯಲ್ಲಿ ಗುಣಪಡಿಸು ಎಂದು ಕೇಳುವುದನ್ನು ಬಿಟ್ಟೆ. ಮಗಳ ಹೆಸರು ಹೇಳಿ ಸುಮ್ಮನೆ ಕೂರುತ್ತಿದ್ದೆ.

ಆರನೆಯ ತಿಂಗಳು ಮುಗಿಯಿತು. ಕೊನೆಯ ಎಕ್ಸ್‌ರೇಗೆ ಬಳ್ಳಾರಿಗೆ ಹೋಗಬೇಕಿತ್ತು. ಸಲೋಮಿಗೆ ಮೆಸೇಜ್ ಹಾಕಿದ್ದೆ, ಉತ್ತರ ಬಂದಿರಲಿಲ್ಲ. ಒಬ್ಬಳೇ ಹೋದೆ. ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು, "ಕಲೆ ಉಳಿದೈತಿ, ರೋಗ ಇಲ್ಲ. ಶಾಲಿಗೆ ಹೋಗ್ರಿ," ಅಂದರು.

ಹೊರಗೆ ಬಂದರೆ ಗೇಟಿನ ಹತ್ತಿರ ಸಲೋಮಿ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟು ಕೈಮೇಲೆ ಮಡಚಿಕೊಂಡಿದ್ದಳು. ನನ್ನ ಕೈಯಿಂದ ರಿಪೋರ್ಟ್ ತೆಗೆದುಕೊಂಡು, ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು.

"ಊಟ ಮಾಡೀ ಏನು?"

ಇಲ್ಲವೆಂದೆ. ಹತ್ತಿರದ ಸಣ್ಣ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಳಿದಳು. ಎದುರು ಬದುರು ಕುಳಿತೆವು. ತಟ್ಟೆ ಬರುವ ಮೊದಲೇ ಹೇಳಿಬಿಟ್ಟೆ.

"ಅವತ್ತು ನಿನ್ನ ಕೇಳದ, ನಿನ್ನ ಬದುಕಿನ ಮಾತು ನಾ ಆಡಿದೆ. ಅದಕ್ಕ ನನ್ನ ಕ್ಷಮಿಸು. ಹೇಳಿದ್ದಕ್ಕಲ್ಲ, ಕೇಳದ ಇದ್ದದ್ದಕ್ಕ."

ಅವಳು ನೀರಿನ ಲೋಟವನ್ನು ತಿರುಗಿಸುತ್ತ ಕುಳಿತಳು.

"ಇನ್ನೊಂದು ಮನಿಯಿಂದ ಕೇಳಾಕತ್ಯಾರ," ಅಂದಳು. "ಸಿರಿಗೇರಿ ಕಡೆಯೋರು. ನಮ್ಮ ಲ್ಯಾಬಿನ ಮೇಡಂಗ ಗೊತ್ತಿರೋರು. ಹುಡುಗ ಫೋನ್ ಮಾಡಿದ್ದ."

ತಟ್ಟೆ ಬಂದಾಗ ಒಂದು ಮಿರ್ಚಿಯನ್ನು ನನ್ನ ಕಡೆ ಸರಿಸಿದಳು.

"ಎಲ್ಲಾ ಹೇಳೀನಿ. ನಿನಗ ಟಿಬಿ ಆಗಿದ್ದು, ಸಿರುಗುಪ್ಪದ ಸಂಬಂಧ ಮುರದದ್ದು, ಮುಚ್ಚಿಡೋಣ ಅಂದಾಕಿ ನಾನ ಅನ್ನೋದು. ಮೊದಲ ಫೋನಿನಾಗ ಹೇಳಿಬಿಟ್ಟೆ."

"ಏನಂದ?"

"ಯೋಚನಿ ಮಾಡಿ ಹೇಳ್ತೀನಿ ಅಂದ."

ಬಸ್ ಸ್ಟ್ಯಾಂಡಿನವರೆಗೆ ಬಂದಳು. ನನ್ನನ್ನು ಸೀಟಿನಲ್ಲಿ ಕೂರಿಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟಳು. ಊರಿಗೆ ಬರುತ್ತೇನೆ ಅನ್ನಲಿಲ್ಲ.

ನಾನು ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ನಿಂತು ಹತ್ತುತ್ತೇನೆ. ಸಿರಿಗೇರಿಯ ಹುಡುಗನಿಂದ ಇದನ್ನು ಬರೆಯುವವರೆಗೂ ಉತ್ತರ ಬಂದಿಲ್ಲ. ಬಾರದೆಯೂ ಇರಬಹುದು. ಸಲೋಮಿ ಮಾತ್ರ ಈಗ ದಿನಾ ಸಂಜೆ ಫೋನ್ ಮಾಡುತ್ತಾಳೆ. ಹೆಚ್ಚೇನೂ ಮಾತಿರುವುದಿಲ್ಲ. ಉಂಡೆಯಾ, ಮಲಗಿದೆಯಾ, ಅಷ್ಟೇ. ಆ ಎರಡು ಮಾತಿಗೆ ನಾನು ದಿನವಿಡೀ ಕಾಯುತ್ತೇನೆ.