ಮರದಿಂದ ಬಿದ್ದವನ ಫೈಲು

೨೦೦೧ರಲ್ಲಿ ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟೆ. ಹಾಗೆಂದು ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಈಗ ಒಂದು ವಿಮಾ ಕಂಪನಿಗೆ ಅಪಘಾತಗಳ ವಿಚಾರಣೆ ಮಾಡಿಕೊಡುತ್ತೇನೆ. ಕಂಪನಿಯಲ್ಲಿ ವಿಮೆ ಮಾಡಿಸಿದ ಗಾಡಿ ಯಾರಿಗಾದರೂ ಗುದ್ದಿ, ಅವರು ಕೋರ್ಟಿನಲ್ಲಿ ಪರಿಹಾರ ಕೇಳಿದರೆ, ಆದದ್ದೇನು ಎಂದು ಊರಿಗೇ ಹೋಗಿ ತಿಳಿದು ವರದಿ ಬರೆಯಬೇಕು. ಅಜ್ಜಂಪುರ, ತರೀಕೆರೆ, ಕಡೂರು ಮೂರೂ ತಾಲ್ಲೂಕು ನನ್ನವೇ.

ಹೋದ ವರ್ಷ ಸಿಂಗಟಗೆರೆ ಕಡೆಯ ತೆಂಗಿನಕಾಯಿ ಕೀಳುವವನೊಬ್ಬನ ಫೈಲು ಬಂತು. ಪಕ್ಕದ ಮನೆಯವರ ಟ್ರ್ಯಾಕ್ಟರ್ ಕಾಲಿನ ಮೇಲೆ ಹರಿಯಿತೆಂದು ಅರ್ಜಿ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ತೆಂಗಿನ ಮರದಿಂದ ಬಿದ್ದದ್ದು ಎಂದಿತ್ತು. ಪೊಲೀಸರಿಗೆ ದೂರು ಕೊಟ್ಟದ್ದು ಹದಿನೆಂಟು ದಿನ ಕಳೆದ ಮೇಲೆ.

"ಮರದಿಂದ ಬಿದ್ದೆ ಅಂತ ಯಾಕಪ್ಪಾ ಹೇಳ್ದೆ?" ಎಂದು ಕೇಳಿದೆ.

"ಟ್ರ್ಯಾಕ್ಟರ್ ಓಡಿಸ್ತಿದ್ದ ಅವ್ರ ಮಗಂಗೆ ಮದ್ವೆ ಗೊತ್ತಾಗಿತ್ತು ಕಣಣ್ಣ. ಪೊಲೀಸ್ ಕೇಸು ಅಂದ್ರೆ ಹೆಣ್ಣಿನ ಕಡೆಯೋರು ಹಿಂದೆ ಸರೀತಿದ್ರು. ಮರ ಹತ್ತೋನು ಮರದಿಂದ ಬಿದ್ದ ಅಂದ್ರೆ ಯಾರೂ ಏನೂ ಕೇಳಲ್ಲ. ಖರ್ಚೆಲ್ಲಾ ನಾವೇ ನೋಡ್ಕೋತೀವಿ ಅಂದಿದ್ರು ಟ್ರ್ಯಾಕ್ಟರಿನೋರು. ಮದ್ವೆ ಆಯ್ತು, ಆಮೇಲೆ ಈ ಕಡೆ ತಿರುಗೂ ನೋಡ್ಲಿಲ್ಲ."

ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು: "ಆ ಮರಕ್ಕೇನಾದ್ರೂ ಇನ್ಶೂರೆನ್ಸ್ ಐತಾ ಕೇಳಿ ಅಣ್ಣ! ಇವ್ರು ಇನ್ನು ಏಣಿನೂ ಹತ್ತಂಗಿಲ್ಲ."

ಟ್ರ್ಯಾಕ್ಟರ್ ಮಾಲೀಕರು ನನಗೆ ಕಾಫಿ ಕೊಟ್ಟರು. "ಮರ ಅಂತ ಅವನ್ ಬಾಯಲ್ಲೇ ಬಂದಿದ್ದಲ್ವಾ ಸ್ವಾಮಿ, ನಮ್ದೇನೈತೆ?" ಎಂದರು. ಮೈ ಉರಿದುಹೋಯಿತು. ಅಪಘಾತವಾದ ದಿನ ಅಲ್ಲಿ ಕಾಯಿ ತುಂಬುತ್ತಿದ್ದ ಇಬ್ಬರು, ಎದುರಿನ ಅಂಗಡಿಯವರು, ಮೂವರೂ ಟ್ರ್ಯಾಕ್ಟರೇ ಹರಿದದ್ದೆಂದು ಹೇಳಿಕೆಗೆ ಸಹಿ ಹಾಕಿದರು. ಅದನ್ನೇ ಬರೆದು ಕೊಟ್ಟೆ.

ಕಂಪನಿಯ ಅಧಿಕಾರಿ ವರದಿಯನ್ನು ನನ್ನತ್ತ ತಳ್ಳಿದರು. "ಏನ್ರೀ, ಆಸ್ಪತ್ರೆ ಚೀಟಿನೇ ನಮ್ಮ ಪರ ಇದೆ. ಅಷ್ಟು ಬರೆದಿದ್ರೆ ಸಾಕಿತ್ತು. ನಾಲ್ಕಕ್ಷರ ಓದಿದ್ರೆ ನಿಮಗೂ ಗೊತ್ತಾಗ್ತಿತ್ತು. ಈ ಹೇಳಿಕೆಗಳನ್ನ ತೆಗೆದು ಬೇರೆ ಬರ್ಕೊಡಿ."

"ಓದಿದೋರೇ ಬರ್ಕೊಳ್ಳಿ ಸಾರ್. ನಾನು ಸಹಿ ಹಾಕಿರೋದು ಇದಕ್ಕೆ."

ಹೇಳಿ ಎದ್ದು ಬಂದೆ. ಕಂಪನಿಯವರು ಆ ವರದಿಯನ್ನು ಕೋರ್ಟಿಗೆ ಕೊಡಲೇ ಇಲ್ಲ. ಆ ಮೂವರನ್ನು ನೀನೇ ಸಾಕ್ಷಿಗೆ ಕರೆಸು ಎಂದು ಕಾಯಿ ಕೀಳುವವನಿಗೆ ಹೇಳಿದೆ. ಕಂಪನಿಯ ಕೆಲಸ ಮಾಡುವ ನಾನು ಹಾಗೆ ಹೇಳಬಾರದಿತ್ತು, ಆದರೂ ಹೇಳಿದೆ. ಕಡೂರಿನ ಕೋರ್ಟಿಗೆ ಬಂದದ್ದು ಅಂಗಡಿಯವರೊಬ್ಬರೇ. ಉಳಿದಿಬ್ಬರಿಗೆ ಟ್ರ್ಯಾಕ್ಟರಿನವರ ತೋಟದಲ್ಲೇ ಕೂಲಿ. ಕೇಸು ಇನ್ನೂ ನಡೆಯುತ್ತಿದೆ.

ಆ ಅಧಿಕಾರಿಯಿಂದ ನನಗೆ ಹೊಸ ಕೆಲಸ ಬರುವುದು ನಿಂತಿತು. ಮೊದಲು ಕೈಯಲ್ಲಿ ಹದಿನಾಲ್ಕು ಫೈಲುಗಳಿರುತ್ತಿದ್ದವು. ಈಗಿರುವುದು ಮೂರು, ಮೂರೂ ಲಿಂಗದಹಳ್ಳಿ ಕಡೆಯ ಬೈಕಿನ ಕೇಸುಗಳು.